ಮೂರು ತಟ್ಟು

ಚಿಂತಾಮಣಿ ಬಸ್‌ಸ್ಟ್ಯಾಂಡಿನ ಹಿಂದೆ
ಇಪ್ಪತ್ತೊಂಬತ್ತು ವರ್ಷ ನನ್ನ ಡ್ರೈವಿಂಗ್ ಸ್ಕೂಲು.
ಎಡಗಡೆ ಸೀಟು, ಕಾಲಡಿ ಇನ್ನೊಂದು ಬ್ರೇಕು,
ಬಾಯೊಳಗೆ ಇನ್ನೊಂದು ಹಾರನ್ನು.
ಕೂಗಿದರೆ
ಕಲಿಯಲು ಬಂದವನು ರಸ್ತೆ ಬಿಟ್ಟು ನನ್ನ ಮುಖ ನೋಡುತ್ತಿದ್ದ.
ಬೆರಳು ತೋರಿಸಿದರೆ
ಬೆರಳನ್ನೇ ನೋಡುತ್ತಿದ್ದ.
ಕೂಗು ಬೆರಳು ಎರಡೂ ಒಟ್ಟಿಗೆ ಹೊರಟ ದಿನ
ಒಬ್ಬ ಮೊದಲ ಸಲ ಎಮ್ಮೆಯನ್ನು ನೋಡಿದ.

ಮುಬೀನಾಳಿಗೆ ಕೂಗು ದಕ್ಕುವಂತಿರಲಿಲ್ಲ.
ಏಳನೇ ವಯಸ್ಸಿನಲ್ಲಿ ಬಂದ ಜ್ವರ
ಹೋಗುವಾಗ ಎರಡೂ ಕಿವಿಯ ಬಾಗಿಲೆಳೆದುಕೊಂಡು ಹೋಗಿತ್ತು.
ತುಟಿ ನೋಡಿ ಮಾತು ಹಿಡಿಯುತ್ತಾಳೆ, ನಿಜ,
ಆದರೆ ಸ್ಟೇರಿಂಗ್ ಹಿಡಿದವಳಿಗೆ
ನನ್ನ ತುಟಿಯಲ್ಲೇನು ಕೆಲಸ?
ಅವಳ ಮಣಿಕಟ್ಟಿನ ಮೇಲೆ ತಟ್ಟಿ ಕಲಿಸಿದೆ.
ಒಂದು ತಟ್ಟಿದರೆ ನಿಧಾನ.
ಎರಡು ತಟ್ಟಿದರೆ ಕನ್ನಡಿ ನೋಡು.
ಮೂರು: ನಿಲ್ಲಿಸು, ಪ್ರಶ್ನೆ ಆಮೇಲೆ.
ಎರಡು ಸಲ ಬರಿಗೈಲಿ ಆರ್‌ಟಿಒ ಮೆಟ್ಟಿಲಿಳಿದು
ಮೂರನೇ ಸಲ ಲೈಸೆನ್ಸ್ ತಂದಳು, ಜೊತೆಗೆ
ಅರ್ಧ ಕಿಲೋ ಸೋನ್‌ಪಾಪಡಿ.

ಈಗ ನನ್ನ ಕಣ್ಣಿಗೆ ಪೊರೆ.
ಚಿಕ್ಕಬಳ್ಳಾಪುರದ ಆಸ್ಪತ್ರೆಗೆ
"ನಾನೇ ಕರ್ಕೊಂಡು ಹೋಗ್ತೀನಿ ಮೇಷ್ಟ್ರೇ" ಅಂತ
ನಸುಕಿನಲ್ಲೇ ಬಂದು ನಿಂತಳು, ಹೊಸ ಕಾರಿನಲ್ಲಿ.
ಕೂತೆ. ಅಭ್ಯಾಸಬಲ, ಕಾಲು ಬ್ರೇಕು ಹುಡುಕಿತು.
ಬರೀ ಮ್ಯಾಟು.

ಎಷ್ಟೊಂದು ಮಾತಾಡುತ್ತದೆ ಈ ಕಾರು!
ಬೆಲ್ಟಿಗೊಂದು ಟಿಣ್, ಬಾಗಿಲಿಗೊಂದು ಟಿಣ್,
ಪ್ರತಿ ಟಿಣ್‌ಗೂ ಅವಳ ಕಣ್ಣೆದುರು ಒಂದು ಪುಟ್ಟ ದೀಪ.
ಆಕಾಶದಲ್ಲಾದರೆ ಮೊದಲು ಮಿಂಚು,
ಬೆರಳು ಮಡಿಸಿ ಎಣಿಸಿದ ಮೇಲೆ ಗುಡುಗು.
ಇಲ್ಲಿ ಎರಡಕ್ಕೂ ಒಂದೇ ಮುಹೂರ್ತ.
ಯಾರೋ ಎಲ್ಲೋ ಕೂತು ಅಳೆದಿರಬೇಕು
ಎಷ್ಟು ಕೆಂಪು, ಎಷ್ಟು ಕೀರಲು ಅಂತ.
ಬೆಚ್ಚಿಸಬಾರದು, ಜೋಗುಳವೂ ಆಗಬಾರದು.
ಅವರಿಗೆ ನಮ್ಮ ರಸ್ತೆ ಗೊತ್ತಿದ್ದಂತಿಲ್ಲ.
ಬಿಳಿ ಗೆರೆ ಹುಡುಕಿ ಹುಡುಕಿ ಸೋತು
ಊರು ದಾಟುವಷ್ಟರಲ್ಲಿ ಆ ದೀಪ ತಾನೇ ಆರಿಕೊಂಡಿತು.
ಗಾಳಿಗೆ ಹಾರಿದ ಪ್ಲಾಸ್ಟಿಕ್ ಕವರಿಗೂ
ಒಮ್ಮೆ ಬಾಯಿ ಬಡಿದುಕೊಂಡಿತು.
ನಾನು ನಕ್ಕೆ. ನಾನೂ ಬಡಿದುಕೊಂಡಿದ್ದೇನೆ, ನೆರಳಿಗೆ.

ಶಿಡ್ಲಘಟ್ಟ ಇನ್ನೂ ಎಂಟು ಮೈಲಿ.
ಮಂಜು ರಸ್ತೆಗೆ ಮಗ್ಗುಲಾಗಿ ಮಲಗಿತ್ತು.
ನನಗೆ ಎಲ್ಲವೂ ಹಾಲು,
ಅವಳಿಗೆ ಎಲ್ಲವೂ ಮೌನ.
ಆಗ
ಟಣ್ ಟಣ್ ಟಣ್!
ನಾನು ಕೇಳಿದೆ.
ಗಾಜಿನ ಮೇಲೆ ಕೆಂಪು ಚೌಕ ಎದ್ದಿತಂತೆ,
ಅವಳು ಕಂಡಳು.
ಬ್ರೇಕಿಲ್ಲದ ಕಡೆ ನಾನು ತುಳಿದೆ,
ಬ್ರೇಕಿದ್ದ ಕಡೆ ಅವಳು.

ನಿಂತೆವು. ಮಾರು ದೂರದಲ್ಲಿ
ಹಿಂದಿನ ದೀಪವೇ ಇಲ್ಲದ ಒಂದು ಮೊಪೆಡ್ಡು,
ಎರಡು ಮೂಟೆ ರೇಷ್ಮೆಗೂಡು,
ಮೂಟೆಗಳ ನಡುವೆ ಮಫ್ಲರ್ ಸುತ್ತಿದ ಒಂದು ತಲೆ.
ಸದ್ದು ಯಾರಿಗೆ, ಬೆಳಕು ಯಾರಿಗೆ
ಅಂತ ಕಾರಿಗೇನು ಗೊತ್ತು,
ಎರಡನ್ನೂ ಚೆಲ್ಲಿತ್ತು. ಸಿಕ್ಕಿದ್ದನ್ನು ಹೆಕ್ಕಿಕೊಂಡೆವು.

ಅವಳು ನನ್ನ ಕಡೆ ತಿರುಗಿದಳು, ತುಟಿ ಓದಲು.
"ಸದ್ದು ಆಯ್ತಾ? ಹೇಗಿತ್ತು?"
ಏನು ಹೇಳಲಿ?
ಅವಳ ಬಳಿ ಇರುವುದು ಏಳು ವರ್ಷದ ಸದ್ದು ಮಾತ್ರ.
ಅಪ್ಪನ ರೇಷ್ಮೆ ರಾಟೆಯ ಕಿರುಗು, ಮಸೀದಿಯ ಬಾಂಗು,
ಸೈಕಲ್ಲಿನಲ್ಲಿ ಐಸ್‌ಕ್ಯಾಂಡಿ ಮಾರುವವನ ಗಂಟೆ.
"ಐಸ್‌ಕ್ಯಾಂಡಿ ಥರಾನಾ?"
ಅಲ್ಲ ಅಂತ ತಲೆಯಾಡಿಸಿದೆ.
ಮಾತು ಸಿಗದೆ ಅವಳ ಮಣಿಕಟ್ಟಿನ ಮೇಲೆ
ತಟ್ಟಿದೆ,
ಮೂರು ಸಲ.

"ಓ" ಅಂದಳು. "ನೀವು."

ಮೊಪೆಡ್ಡಿನವನು ತಿರುಗಿಯೂ ನೋಡಲಿಲ್ಲ.
ಹರಾಜಿಗೆ ಹೊತ್ತಾಗಿತ್ತು ಅವನಿಗೆ.
ಮುಬೀನಾ ಮುಂದೆ ಹೋಗಲಿಲ್ಲ,
ಅವನ ಹಿಂದೆಯೇ ಹೊರಟಳು, ಮೆತ್ತಗೆ.
ಊರ ದೀಪ ಕಾಣುವವರೆಗೂ
ಅವನಿಗಿಲ್ಲದ ದೀಪ ನಮ್ಮದಾಗಿತ್ತು.