ಕುಣ್ಯಾಗಿನ ಕಾಲು

ಅಮಾಸಿ. ಮಗ್ಗ ಇವತ್ತು ಬಾಯಿ ಮುಚ್ಚೇತಿ.
ಗುಳೇದಗುಡ್ಡದ ಓಣಿಗೆ ಓಣೀನ ಸುಮ್ಮನಾಗಿ
ತಗಡಿನ ಮ್ಯಾಲ ಕಾಗಿ ನಡದದ್ದೂ ಕೇಳಸತೈತಿ.

ದಾವಲಬಿ ಬಂದು ಬಾಗಲಾಗ ನಿಂತ್ಲು,
ಬಣ್ಣದ ಬಾನಿಯೊಳಗಿಂದ ಈಗಷ್ಟ ತಗದಂಗ
ಮೊಣಕೈತನಕ ನೀಲಿ.
‘ಏಳ ಬಾಳವ್ವ, ದ್ವಾಣಿಗಿ ಹೋಗಿ ಬರೂಣು.
ದೂರೇನಿಲ್ಲ,
ಒಂದು ಎಲಿ ಬಾಯಾಗ ಕರಗೂದ್ರಾಗ ಮುಟ್ಟತೀವಿ.’

ಮೂವತ್ತೊಂದು ವರ್ಷ ಈ ಗುಡ್ಡದ ಬುಡಕ ಕುಂತು
ಖಣ ನೇದಾಕಿ ನಾನು.
ಗುಡ್ಡದ ಬೆನ್ನು ನೋಡಿಲ್ಲ.

ಕಲ್ಲಿನ ಖಣಿ ದಾಟಿ, ಪಾಪಾಸಕಳ್ಳಿ ಬೇಲಿ ದಾಟಿ,
ಯಾರೋ ಒಣಾ ಹಾಕಿದ ಹಪ್ಪಳ ದಾಟಿ,
ಅಲ್ಲಿಂದ ಮುಂದ ದಾರಿ ಇಲ್ಲ. ಆಡಿನ ಹಿಕ್ಕಿ ಐತಿ.
‘ಹಿಕ್ಕಿ ಇದ್ದಲ್ಲೇ ದಾರಿ’ ಅಂದ್ಲು,
ಸಣ್ಣಾಕಿದ್ದಾಗ ಅಪ್ಪನ ಆಡು ಕಾದಾಕಿ.

ಬಂದುರಕಿ ಎಲಿ ಅಂಟು ಕೈಗಿ ಹತ್ತೇತಿ,
ಕವಳಿ ಮುಳ್ಳು ಸೆರಗ ಹಿಡದು ಜಗ್ಗತೈತಿ,
ಇಲ್ಲಿ ಬಿಡಿಸಿಕೊಂಡ್ರ ಅಲ್ಲಿ.
ಒಂದ ಒಂದು ಹಣ್ಣು ಉಳದಿತ್ತು, ಕರ್ರಗ, ಬಿಸಿಲಿಗಿ ಬಾಡಿದ್ದು.
ಅಕಿ ಅರ್ಧ ಕಚ್ಚಿ ನನಗರ್ಧ ಕೊಟ್ಲು.
ಬೀಜ ಎಲ್ಲಿ ಉಗುಳಲಿ ಅಂತ ಅತ್ತಾಗಿತ್ತಾಗ ನೋಡಿದೆ.
‘ಇದು ಪಡಸಾಲಿ ಅಲ್ಲವ್ವಾ.’

ಬಂಡೆ ಹತ್ತಿದಾಗ ಗೆರಿ ಕಂಡವು.
ಕೆಂಪು ಕಲ್ಲಿನ ಮೈತುಂಬ ಸಣ್ಣ ಸಣ್ಣ ತೆರಿ,
ಹೊಕ್ಕು ಹಾಕಿದಂಗ, ಒಂದರ ಬೆನ್ನಿಗೊಂದು.
ಇಂಚಿಗಿ ಎಷ್ಟು ಅಂತ ಬೆರಳಾಡಿಸಿ ಎಣಿಸಿದೆ. ಚಟ.
ಸಾಲಿ ಮಾಸ್ತರು ಒಬ್ಬರು ಅಕಿಗಿ ಹೇಳಿದ್ರಂತ,
ಹಿಂದಕ ಇಲ್ಲಿ ನೀರಿತ್ತಂತ, ದಂಡಿ ಇತ್ತಂತ,
ನೀರು ಹೋದ್ರೂ ಅದರ ನಡಿಗಿ ಕಲ್ಲಾಗ ಉಳದೈತಂತ.
ನಾ ನಂಬಲಿಲ್ಲ.
ಆದ್ರೂ ಚಪ್ಪಲಿ ಬಿಟ್ಟ ನಡದೆ.

ಕಡೀಕ ಎರಡು ಬಂಡೆ ನಡುವ ಒಂದು ಸಂದಿ.
ಅಡ್ಡ ತಿರಗಬೇಕು, ಹೊಟ್ಟಿ ಒಳಗ ಜಗ್ಗಬೇಕು,
ಅಷ್ಟಾದ್ರೂ ಕಲ್ಲು ಒಂದೀಟು ಸೀರಿ ಕೇಳತೈತಿ.
ದಾಟಿದ್ರ

ದ್ವಾಣಿ.
ಒಂದು ಚಕ್ಕಡಿ ತಿರವೂವಷ್ಟೂ ಅಗಲಿಲ್ಲ.
ಮ್ಯಾಲ ಕಲ್ಲಿನ ಸೂರು. ಬಿಸಿಲು ಒಂದು ಮೂಲ್ಯಾಗ ಅಷ್ಟ, ರೂಪಾಯಿಯಷ್ಟು.
ನೀರು ಹಸರಲ್ಲ, ಕರಿದಲ್ಲ.
ಬಣ್ಣಗಾರ್ತಿನ್ನ ಕೇಳಿದೆ, ‘ಇದಕ ಏನಂತಿ?’
ಬಾಳೊತ್ತು ನೋಡಿ ಅಂದ್ಲು,
‘ಬಾನ್ಯಾಗ ಬರಲಾರದ್ದು.’

ನೀರಡಿಕಿ ಇಬ್ಬರಿಗೂ ಆಗಿತ್ತು.
ನಾ ಬೊಗಸಿ ತುಂಬಿ ಕುಡದೆ.
ಅಕಿ ಎರಡೂ ಕೈ ಹಿಂದ ಕಟ್ಟಿಕೊಂಡು ನಿಂತಿದ್ಲು,
ನೀಲಿ ಬಿಟ್ಟೀತು ಅಂತ.
‘ಎಂಟು ಸರ್ತಿ ಸಬಕಾರ ಹಚ್ಚಿದ್ರ ಹೋಗದ್ದು
ಇಲ್ಲೇನ ಬಿಡತೈತಿ’ ಅಂದ್ರೂ ಕೇಳಲಿಲ್ಲ.
ಮೊಣಕಾಲೂರಿ, ಆಡಿನಂಗ,
ನೀರಿಗಿ ತುಟಿ ಹಚ್ಚಿ ಕುಡದ್ಲು.
ಎದ್ದ ತೆರಿ ಕಲ್ಲಿನ ದಂಡಿತನಕ ಹೋದವು,
ಹೊರಗ ಕಂಡಂಥವ, ಅಷ್ಟ ಅಂತರ, ಅಷ್ಟ ಸಣ್ಣ.
ಮಾಸ್ತರು ಸುಳ್ಳ ಹೇಳಿಲ್ಲ.

ನಾ ದಂಡೀಗಿ ಕುಂತು ಕಾಲು ಇಳೇಬಿಟ್ಟೆ.
ಎದಿ ಝಲ್ ಅಂತು. ಇದೂ ಕುಣಿ.
ಮಗ್ಗದ ಕೆಳಗ ಇರೂದೂ ಕುಣಿ,
ನಾಕ ಮಂದಿ ಹೊತಗೊಂಡು ಹೋಗಿ ಇಳಿಸೂದೂ ಕುಣಿ,
ಲಂಗದ ವಯಸ್ಸಿನ್ಯಾಗ ಅವ್ವ ಚಪ್ಪಾಳಿ ಹೊಡದು
‘ಕುಣಿ’ ಅಂದ್ರ ಸಾಕಿತ್ತು.
ಕಾಲು ಇಲ್ಲೂ ಕಾಲ್ಮಣಿ ಹುಡುಕಿದವು,
ಎಡಕ, ಬಲಕ, ಮತ್ತ ಎಡಕ.
ತುಳಿಯಾಕ ಏನೂ ಸಿಗಲಿಲ್ಲ.
ತುಳದ್ರ ಸರಿಯೂ ನೀರು, ಬಿಟ್ರ ಕೂಡೂ ನೀರು.
ಆಮ್ಯಾಲ ಹೆಬ್ಬೆರಳಿಗಿ ಏನೋ ಮುಟ್ಟಿತು.
ಸೂಜಿಯಂಥ ಮೀನ, ನಾಕೈದು,
ನನ್ನ ಹಿಮ್ಮಡದ ಬಿರಕಿನ್ಯಾಗ ಉಣ್ಣಾಕ ಕುಂತಿದ್ದವು.

ಬಾಳೊತ್ತು ಕೂಡಲಿಲ್ಲ.
ಗೌಜಲಕ್ಕಿ ಒಂದು ಸಂದ್ಯಾಗ ಬಂದು ನಿಂತು
ನಮ್ಮನ್ನ ನೋಡಿ ಹಿಂದ ಸರೀತು.
ಈಗ ಅದರ ಪಾಳಿ.
ಏಳೂ ಮುಂದ, ನಾ ನೋಡವಲ್ಲೆ ಅಂದುಕೊಂಡು,
ದಾವಲಬಿ ಒಂದ ಬೆರಳು ನೀರಾಗ ಅದ್ದಿ
ಗಕ್ಕನ ತಗದ್ಲು.
ತಗದು, ನೀರನ್ನ ನೋಡಿದ್ಲು.
ನಾ ಚಪ್ಪಲಿ ಹುಡುಕಾಕತ್ತೀನಿ ಅನ್ನೂವಂಗ ಬಾಗಿದ್ದೆ.

ಇವತ್ತು ಪಾಡ್ಯ. ಲಾಳಿ ಓಡತೈತಿ, ಓಣಿ ತುಂಬ ಅದ ಖಟಪಟ.
ಕಾಲು ಕುಣ್ಯಾಗ ಅದಾವ.
ಆನಿಹೆಜ್ಜಿ ಸಾಲಿನ್ಯಾಗ
ಒಂದ ಒಂದು ಹೊಕ್ಕು ತಪ್ಪೇತಿ, ತೆರಿ ಎದ್ದಂಗ.
ಸಾವಕಾರ ಕಂಡ್ರ ರೊಕ್ಕ ಮುರಕೋತಾನ.

ಬಿಚ್ಚಲಿಲ್ಲ.