ಕೊಸರು

ಬತೂಮಿಯ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ
ಚೀಸು ತೂಗಿದವಳು ನಾನು, ಲಮ್‌ಝೀರಾ.
ತಕ್ಕಡಿಗಿಂತ ಮೊದಲೇ ನನ್ನ ಕೈ ಹೇಳುತ್ತದೆ:
ಇದು ಎಂಟುನೂರು ಗ್ರಾಂ, ಇದು ಕಿಲೋಗೆ ಒಂದೆಳೆ ಕಮ್ಮಿ.
ಎಳೆ ಎಂದರೆ ಎಳೆಯೇ, ನಮ್ಮ ಬೆಟ್ಟದ ಚೀಸು
ಜಡೆಯ ಹಾಗೆ ಹೆಣೆದದ್ದು.
ತೂಗಿದ ಮೇಲೆ ಒಂದು ತುಣುಕು ಕೊಸರು ಹಾಕದೆ
ಯಾರನ್ನೂ ಕಳಿಸಿದವಳಲ್ಲ.

ನನ್ನ ತೂಕ ಮಾತ್ರ ನನಗೆ ಗೊತ್ತಿರಲಿಲ್ಲ.

ಮಾರ್ಚ್‌ನಲ್ಲಿ ಪಾಲಿಕ್ಲಿನಿಕ್ಕಿನ ಎಳೆಯ ಡಾಕ್ಟರು
ಬೆರಳು ಚುಚ್ಚಿ, ಹನಿ ರಕ್ತ ನೋಡಿ,
"ಸಕ್ಕರೆ ಬಾಗಿಲಲ್ಲಿ ನಿಂತಿದೆ, ಇನ್ನೂ ಒಳಗೆ ಬಂದಿಲ್ಲ" ಎಂದಳು.
ನಮ್ಮಲ್ಲಿ ಬಾಗಿಲಿಗೆ ಬಂದವರನ್ನು
ಕೂರಿಸದೆ, ಉಣಿಸದೆ ಕಳಿಸುವುದಿಲ್ಲ.
ಅದನ್ನು ಆ ಹುಡುಗಿಗೆ ಹೇಳಲಿಲ್ಲ.

ಸಂಜೆ ಅಂಗಡಿ ಮುಚ್ಚಿ, ಯಾರೂ ಇಲ್ಲದ್ದು ನೋಡಿ,
ಹಿಟ್ಟಿನ ಮೂಟೆ ತೂಗುವ ಕಬ್ಬಿಣದ ಹಲಗೆಯ ಮೇಲೆ ನಿಂತೆ.
ಎಪ್ಪತ್ತೆಂಟು ಕಿಲೋ, ನಾನೂರು.
ಉಪ್ಪಿನಕಾಯಿಯ ತ್ಸಿಯೂರಿ ಕಂಬದ ಮರೆಯಿಂದ
"ಬೂಟು ಬಿಚ್ಚೇ, ಅದೇ ಒಂದು ಕಿಲೋ!"
ಬಿಚ್ಚಿದೆ. ಬೂಟಿನದು ಆರುನೂರು ಗ್ರಾಂ.
ಉಳಿದದ್ದೆಲ್ಲ ನಾನೇ.

ಹೀಗೆ ಶುರುವಾಯಿತು ಓಟ. ಓಟ ಅನ್ನುವುದು ದೊಡ್ಡ ಮಾತು.
ಬೆಳಗಿನ ಐದಕ್ಕೆ, ಕಡಲ ದಂಡೆಯ ದಾರಿಯಲ್ಲಿ,
ಮ್ಯಾಗ್ನೋಲಿಯಾದಿಂದ ಬಿದಿರ ಮೆಳೆಯವರೆಗೆ ಕಾಲು,
ಮೆಳೆಯಿಂದ ಕೆಟ್ಟ ಕಾರಂಜಿಯವರೆಗೆ ಬರೀ ಏದುಸಿರು.
ಇಲ್ಲಿ ದಂಡೆಗೆ ಮರಳಿಲ್ಲ, ಎಲ್ಲ ಉರುಟು ಕಲ್ಲು;
ತೆರೆ ಹಿಂದೆ ಸರಿವಾಗ ಅವನ್ನು ಎಣಿಸುತ್ತದೆ,
ಜಿಪುಣ ಚಿಲ್ಲರೆ ಎಣಿಸುವ ಹಾಗೆ.
ಕಿವಿಗೆ ಹಳದಿ ಬಿಲ್ಲೆ ಹಾಕಿಸಿಕೊಂಡ ಬೀದಿನಾಯಿ
ಮುಂದೆ ಓಡಿ, ತಿರುಗಿ ಕೂತು ಕಾಯುತ್ತಿತ್ತು,
ಮುಖದಲ್ಲಿ ಮರ್ಯಾದೆಯ ಬೇಸರ.

ಊಟದ ಲೆಕ್ಕ ಇನ್ನೂ ಕಷ್ಟದ್ದು.
ಬೆಣ್ಣೆಯಲ್ಲಿ ಚೀಸು ಕರಗಿಸಿದ ಬೊರಾನೊ,
ರೊಟ್ಟಿ ಅದ್ದಿ ಎತ್ತಿದರೆ ಬೋಗುಣಿಗೂ ಬಾಯಿಗೂ ಸೇತುವೆ ಕಟ್ಟುತ್ತದಲ್ಲ,
ಆ ಸೇತುವೆ ದಾಟಿಯೇ ನಾನು ಇಷ್ಟು ದೂರ ಬಂದದ್ದು.
ಈಗ ಹುರುಳಿಕಾಯಿ, ಆಕ್ರೋಟು ಅರೆದು ಕಲಸಿದ ಸೊಪ್ಪು,
ಮೊಸರು, ಒಂದೇ ಒಂದು ಜೋಳದ ರೊಟ್ಟಿ.
ಚೀಸು ದಿನಕ್ಕೆ ಬೆಂಕಿಪೊಟ್ಟಣದಷ್ಟು.
ಚೀಸು ಮಾರುವವಳಿಗೆ ಬೆಂಕಿಪೊಟ್ಟಣ!
ರೆವಾಜ ಮೂರು ದಿನ ಮಾತಾಡಲಿಲ್ಲ.
ನಾಲ್ಕನೇ ದಿನ ತಾನೇ ನಾರು ಬಿಡಿಸುತ್ತ ಕೂತ,
ಬಂದರಿನ ಕ್ರೇನು ನಡೆಸುವ ಕೈ, ಒಂದೊಂದೇ ಕಾಯಿಯನ್ನು
ಕಂಟೇನರಿನ ಹಾಗೆ ಎತ್ತಿ ಇಳಿಸುತ್ತ.

ಜೂನ್‌ನಲ್ಲಿ ಚಿಕ್ಕಪ್ಪ ತೀರಿಹೋದ ಊಟ, ಮೇಲೆ ಖುಲೋದಲ್ಲಿ.
ಹೆಂಗಸರು ನನ್ನ ಕೆನ್ನೆ ನೋಡಿದರು,
ತಟ್ಟೆ ನೋಡಿದರು, ಒಬ್ಬರನ್ನೊಬ್ಬರು ನೋಡಿದರು.
"ಯಾವ ಕಾಯಿಲೆಯೇ?" ಎಂದು ನಾತೇಲಾ
ಸತ್ತವನಿಗಿಂತ ನನಗೇ ಹೆಚ್ಚು ಅತ್ತಳು.
"ಓಡುತ್ತೇನೆ" ಎಂದೆ.
"ಯಾರಿಗೆ ಹೆದರಿ?" ಎಂದಳು.
ಉತ್ತರ ಹೊಳೆಯದೆ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡೆ.
ಅದೂ ಲೆಕ್ಕದಲ್ಲಿದೆ, ಮುಚ್ಚಿಡುವುದಿಲ್ಲ.

ನಿನ್ನೆ ಮತ್ತೆ ಹಲಗೆ ಹತ್ತಿದೆ, ಬರಿಗಾಲಲ್ಲಿ.
ಮೂರು ಕಿಲೋ ಇನ್ನೂರು ಇಳಿದಿದೆ. ಅಷ್ಟೇ.
ತ್ಸಿಯೂರಿ ನನ್ನ ಅಂಗಡಿಯದೇ ಮೂರು ಉಂಡೆ ಸುಲುಗುನಿ,
ಮೇಲೊಂದು ತುಣುಕು, ಚೀಲಕ್ಕೆ ಹಾಕಿ ಕೊಟ್ಟಳು:
"ಹಿಡಿ, ಇಷ್ಟು ನೋಡು ಹೋದದ್ದು."
ಹಿಡಿದೆ. ಚೀಲದ ಕಿವಿ ಬೆರಳು ಕಚ್ಚಿತು.
ಇದನ್ನು ಹೊತ್ತೇ ನಾಲ್ಕು ಮಹಡಿ ಹತ್ತುತ್ತಿದ್ದೆನೆ?
ಇದನ್ನು ಹೊತ್ತೇ ನಿದ್ದೆ ಮಾಡುತ್ತಿದ್ದೆನೆ?
ಯಾರೋ ಪ್ರೀತಿಯಿಂದ ಹಾಕಿದ ಕೊಸರು;
ಕರೆಂಟಿಲ್ಲದ ಆ ಚಳಿಗಾಲಗಳಲ್ಲಿ
ರೊಟ್ಟಿಯ ಸಾಲಿನಲ್ಲಿ ನಿಂತ ಮೈ
ನಾಳೆಗಿರಲಿ ಎಂದು ಎತ್ತಿಟ್ಟುಕೊಂಡದ್ದು.
ಬಯ್ಯಲಾರೆ. ಚೀಲವನ್ನು ಮೆತ್ತಗೆ ಕೆಳಗಿಟ್ಟೆ.

ಇವತ್ತು ಬಿದಿರ ಮೆಳೆ ದಾಟಿದೆ, ನಿಲ್ಲಲಿಲ್ಲ.
ನಾಯಿ ಎದ್ದು ಬಂತು, ಈ ಸಲ ಪಕ್ಕಕ್ಕೆ.
ಕೆಟ್ಟ ಕಾರಂಜಿ ಇನ್ನೂ ಕೆಟ್ಟೇ ಇತ್ತು.
ಅದರಾಚೆ ಒಂದು ದೀಪದ ಕಂಬ,
ತೂಗಿ ಆದ ಮೇಲೆ ಹಾಕುವಷ್ಟು ದೂರ.
ಅಲ್ಲಿಯವರೆಗೂ ಓಡಿದೆ.