ಅರ್ಧ ಸುತ್ತು

ಹೊಳಲ್ಕೆರೆ ರಸ್ತೆಯ ಶೆಡ್ಡಿನಲ್ಲಿ ಓಬಳೇಶಪ್ಪ
ನನ್ನ ಲಗೇಜ್ ಆಟೋದ ಮುಂದೆ ಕುಕ್ಕರಗಾಲಲ್ಲಿ ಕೂತ.
"ಎಡಕ್ಕೆ ಎಳೀತೈತೆ" ಅಂದೆ.
ನನ್ನ ಮಾತು ಬಿಟ್ಟು ದಾರವನ್ನು ಕೇಳಿದ:
ನೆಲಕ್ಕೆ ಸೀಮೆಸುಣ್ಣದ ಎರಡು ಗೆರೆ,
ನಡುವೆ ಮುಂಗಾಲಿ
ಕಡ್ಡಿಯಷ್ಟು ಓರೆ.

ಲಡಾಖಿನಲ್ಲಿ ಹನ್ನೊಂದು ಚಳಿಗಾಲ
ಹಿಮದ ಸ್ಕೂಟರ್ ಬಿಚ್ಚಿ ಕಟ್ಟಿದ ಕೈ.
"ಸ್ಪ್ರಿಂಗ್ ಬಿಗಿ ಮಾಡು, ಸ್ಕೀ ಹಿಮ ಕಚ್ತೈತೆ,
ಹ್ಯಾಂಡಲ್ ಕಲ್ಲಾಗ್ತೈತೆ.
ಸಡಿಲ ಬಿಡು,
ನೀನು ತಿರುಗ್ತೀಯ, ಗಾಡಿ ತಿರುಗಲ್ಲ."

ಬಂಡೆಗಳು ಕಾದು ಊರೇ ಹಂಚಾದ ಮಧ್ಯಾಹ್ನ.
ಸ್ಪ್ಯಾನರ್ ಅರ್ಧ ಸುತ್ತು.
ಮೂತಿ ಒತ್ತಿ ನೋಡಿದ.
ಕಾಲು ಸುತ್ತು ವಾಪಸ್.

ಕೋಟೆ ಕೆಳಗಿನ ತಿರುವಿನಲ್ಲಿ
ಈರುಳ್ಳಿ ಚೀಲಗಳ ಸಮೇತ ಹೊರಳಿದೆ,
ಒಂದೂ ಜಾರಲಿಲ್ಲ.

ಹೇಳೋಣವೆಂದು ಬಂದರೆ ಅವನಿಲ್ಲ, ಚಹಾಕ್ಕೆ ಹೋಗಿದ್ದಾನೆ.
ನೆಲದಲ್ಲಿ ಆ ಬಿಳಿ ಗೆರೆಗಳು, ಜೋಡಿ,
ಬಾಗಿಲ ತನಕ.